ಕೆಮ್ಮಿನ ಸಮೇತ

ಕಚೇರಿ ಶುರುವಾಗುವುದಕ್ಕೆ ಮುಂಚಿನ ಐದು ನಿಮಿಷ ನನಗೆ ಬಲು ಇಷ್ಟ. ತಂಬೂರಿ ಆಗಲೇ ಝೇಂಕರಿಸುತ್ತಿರುತ್ತದೆ. ಮೃದಂಗದವರು ಕಲ್ಲಿನಿಂದ ಅಂಚಿಗೆ ಟಕ್ ಟಕ್ ಎಂದು ತಟ್ಟಿ, ಬೆರಳಲ್ಲೊಮ್ಮೆ ನುಡಿಸಿ ನೋಡಿ, ಸಮಾಧಾನವಾಗದೆ ಮತ್ತೆ ತಟ್ಟುತ್ತಾರೆ. ಪಿಟೀಲಿನವರು ಒಂದು ತಂತಿಯನ್ನು ಏರಿಸಿ, ಇಳಿಸಿ, ಕೊನೆಗೆ ಎಲ್ಲಿಂದ ಹೊರಟಿದ್ದರೋ ಅಲ್ಲಿಗೇ ತಂದು ಬಿಡುತ್ತಾರೆ. ಯಾರೋ ಕುರ್ಚಿ ಎಳೆಯುತ್ತಾರೆ. ಮೈಕು ಒಂದು ಸಲ ಕುಯ್ಯೆಂದು ಸುಮ್ಮನಾಗುತ್ತದೆ. ಹಿಂದೆಲ್ಲೋ ಒಂದು ಮಗು ರಚ್ಚೆ ಹಿಡಿದರೆ ಅದರ ತಾಯಿ ಶ್ ಶ್ ಎನ್ನುತ್ತಾಳೆ. ವಿದ್ವಾಂಸರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಅದನ್ನು ಕೇಳಿ ಸಭೆಗೂ ತನ್ನ ಗಂಟಲು ನೆನಪಾಗಿ ನಾಲ್ಕಾರು ಕಡೆ ಕೆಮ್ಮು ಏಳುತ್ತದೆ.

ಇಷ್ಟನ್ನೂ ನಾನು ಕೇಳುವುದು ಫೋನಿನಲ್ಲಿ, ಐವತ್ತು ಅರವತ್ತು ವರ್ಷ ಹಿಂದೆ ಯಾರೋ ಪುಣ್ಯಾತ್ಮರು ಟೇಪಿಗೆ ಇಳಿಸಿಟ್ಟ ಕಚೇರಿಗಳಲ್ಲಿ. ತಿಳಿದವರು ಈ ಭಾಗವನ್ನು ಮುಂದಕ್ಕೆ ಓಡಿಸಿ ನೇರ ವರ್ಣಕ್ಕೆ ಹೋಗುತ್ತಾರಂತೆ. ನಾನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳುವ ಜಾತಿಯವನು.

ಕೇಳುವ ಜಾಗವನ್ನೂ ಹೇಳಬೇಕು. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ, ಮಂಜು, ಜಡಿಮಳೆ ಎಂದುಕೊಂಡು ಬರುವವರಿಗೆ ಕಡೂರು ತಾಲ್ಲೂಕಿನ ನಮ್ಮ ಯಗಟಿ ನಿರಾಸೆ ಮಾಡುತ್ತದೆ. ಇದು ಅಪ್ಪಟ ಬಯಲುಸೀಮೆ. ತೆಂಗು, ರಾಗಿ, ಕೊಳವೆಬಾವಿ, ಮಳೆಯ ವಿಚಾರದಲ್ಲಿ ಆಕಾಶದ ಜೊತೆ ಮುಗಿಯದ ಪಂಚಾಯ್ತಿ. ಇಲ್ಲಿ ಸಂಗೀತ ಸಭೆಯಿಲ್ಲ, ಸಭಾಂಗಣವಂತೂ ಇಲ್ಲ. ತ್ರೀ ಫೇಸ್ ಕರೆಂಟು ಮಾತ್ರ ಬಹಳ ದಿನ ರಾತ್ರಿಯೇ ಬರುತ್ತದೆ. ಮೋಟರು ಹಾಕಿ, ನೀರು ಕೊನೆಯ ಸಾಲಿಗೆ ಮುಟ್ಟುವವರೆಗೆ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂರಬೇಕು. ಆ ಹೊತ್ತಿನಲ್ಲಿ ನನಗೆ ಚಾಮರಾಜಪೇಟೆಯ ಚಪ್ಪರವೂ ಸಿಕ್ಕಿದೆ, ನ್ಯೂಯಾರ್ಕಿನ ಸಭಾಂಗಣವೂ ಸಿಕ್ಕಿದೆ. ಎರಡು ಕಡೆಯೂ ಟಿಕೆಟ್ ಕೇಳಿದವರಿಲ್ಲ.

ರುಚಿ ಹತ್ತಿಸಿದ್ದು ರೇಡಿಯೊ. ಆಕಾಶವಾಣಿ ಭದ್ರಾವತಿ ನಮಗೆ ಚೆನ್ನಾಗಿ ಸಿಗುತ್ತಿತ್ತು, 675 ಕಿಲೋಹರ್ಟ್ಸ್. ಶನಿವಾರ ರಾತ್ರಿ ಒಂಬತ್ತೂವರೆಗೆ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. 1952ರಲ್ಲಿ ಶುರುವಾದ ಅದು ಹಳ್ಳಿಯವರಿಗೂ ಒಬ್ಬ ವಿದ್ವಾಂಸನನ್ನು ಒಂದೂವರೆ ಗಂಟೆ ಕೂತು ಕೇಳುವ ಅಭ್ಯಾಸ ಮಾಡಿಸಿತು. ಅದಕ್ಕೆ ಮುಂಚೆ ಮನೆಯಲ್ಲಿ ಕೂತು ಕೇಳಬೇಕೆಂದರೆ ಗ್ರಾಮಫೋನ್ ತಟ್ಟೆಯೇ ಗತಿ. 78ರ ವೇಗದಲ್ಲಿ ತಿರುಗುವ ಆ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ, ಬಹಳವೆಂದರೆ ಇನ್ನೊಂದು ಚೂರು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಂಥವರೂ 1930ರ ದಶಕದಲ್ಲಿ ಆ ಮೂರು ನಿಮಿಷದೊಳಗೇ ರಾಗ ಮುಗಿಸಿ ಏಳಬೇಕಿತ್ತು. ಏನು ಹದ, ಏನು ಬಿಗಿ! ಆದರೂ ರಾಗಕ್ಕೆ ಕಾಲು ಚಾಚಲು ಅಲ್ಲಿ ಜಾಗವಿಲ್ಲ. ಮುಂದೆ ವಯಸ್ಸಾದ ಮೇಲೆ ಅವರು ಕಚೇರಿಗಳಲ್ಲಿ ಹಾಡಿದ ಧ್ವನಿಮುದ್ರಣಗಳನ್ನು ಕೇಳಿದರೆ, ಅದೇ ಮನುಷ್ಯ ಯಾರ ಅವಸರಕ್ಕೂ ಸಿಗದೆ, ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಉಸಿರು ಬಿಡುವುದೂ ಗೊತ್ತಾಗದಂತೆ ದಾಟುತ್ತಾರೆ. ಸಭೆಯಲ್ಲಿ ಯಾರೋ ತಡೆಯಲಾರದೆ ‘ಆಹಾ’ ಎನ್ನುತ್ತಾರೆ. ಅದು ನನ್ನ ಬಾಯಿಂದ ಬರುವುದಕ್ಕೆ ಕ್ಷಣ ಮುಂಚೆ ಬಂದಿರುತ್ತದೆ. ಆ ಅಜ್ಞಾತ ರಸಿಕನ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚೂ ಇದೆ.

ಬೆಂಗಳೂರಿನಲ್ಲಿ ಓದುವ ಕಾಲಕ್ಕೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳನ್ನು ಹೊರಗಿನಿಂದ ಕೇಳಿದವನು ನಾನು. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಕಟ್ಟಿದ ಶ್ರೀರಾಮ ಸೇವಾ ಮಂಡಳಿಯ ಉತ್ಸವ ಅದು. ಚೆಂಬೈ, ಎಂ.ಎಸ್. ಸುಬ್ಬುಲಕ್ಷ್ಮಿ ಮೊದಲಾದ ಘಟಾನುಘಟಿಗಳು ಹಾಡಿದ ಚಪ್ಪರ. ಒಳಗೆ ಕುರ್ಚಿಗೆ ದುಡ್ಡು, ಹೊರಗೆ ರಸ್ತೆಯ ಅಂಚು ಪುಕ್ಕಟೆ. ಹೊರಗಿನವರಿಗೆ ಕಲ್ಯಾಣಿಯ ಜೊತೆಗೆ ಆಟೋರಿಕ್ಷಾದ ಹಾರನ್ನು, ಸೌತೆಕಾಯಿ ಮಾರುವವನ ಕೂಗು, ಪಾನಕದ ಲೋಟದ ಸದ್ದು ಎಲ್ಲ ಸೇರಿ ಸಿಗುತ್ತಿತ್ತು. ಈಗ ಯಾವುದಾದರೂ ಹಳೆಯ ಚಪ್ಪರದ ಕಚೇರಿಯ ಟೇಪಿನಲ್ಲಿ ಆಲಾಪನೆಯ ನಡುವೆ ಹಾರನ್ನು ಕೇಳಿಸಿದರೆ ಸಂಗೀತ ಕೆಟ್ಟಿತು ಅನ್ನಿಸುವುದೇ ಇಲ್ಲ. ಗಾಯಕರು ಆ ಹಾರನ್ನಿನ ಶ್ರುತಿಯನ್ನೇ ಹಿಡಿದು ಒಂದು ಸಂಗತಿ ಹಾಕಿ ಸಭೆಯನ್ನು ನಗಿಸುವುದೂ ಉಂಟು. ಸ್ಟುಡಿಯೋದ ಹಾಡಿಗೆ ಊರಿಲ್ಲ, ಗಂಟೆಯಿಲ್ಲ, ಸೆಖೆಯಿಲ್ಲ. ಕಚೇರಿಯ ಹಾಡು ಇಂಥ ಊರಿನ ಇಂಥ ಸಂಜೆಯದು.

ಮೈಕು ಬರುವುದಕ್ಕೆ ಮುಂಚೆ ಸಭೆಯ ಕೊನೆಯ ಸಾಲು ಹೇಗೆ ಕೇಳಿಸಿಕೊಳ್ಳುತ್ತಿತ್ತು ಎಂದು ಯೋಚಿಸಿದಾಗಲೆಲ್ಲ ಚೌಡಯ್ಯನವರು ನೆನಪಾಗುತ್ತಾರೆ. ತಿರುಮಕೂಡಲಿನ ಚೌಡಯ್ಯ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಹಾಡುಗಾರರದ್ದು ಕಂಚಿನ ಕಂಠ, ಪಕ್ಕದಲ್ಲಿ ಪಿಟೀಲಿನದು ಬಡಕಲು ದನಿ. ಹಿಂದೆ ಕೂತವರಿಗೆ ತಮ್ಮ ವಾದ್ಯ ಮುಟ್ಟುತ್ತಿಲ್ಲವೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯದಾಗಿ ಮಾಡಿಕೊಂಡರು. ಕೊನೆಯ ಸಾಲಿನವನಿಗಾಗಿ ವಾದ್ಯದ ಆಕಾರವನ್ನೇ ಬದಲಿಸಿದ ಮನುಷ್ಯ! ಅವರು 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ಅವರ ಹೆಸರಿನಲ್ಲಿ ಎದ್ದಿತು. ಭವನಕ್ಕಿಂತ ಅವರ ಪಕ್ಕವಾದ್ಯದ ಹಳೆಯ ಧ್ವನಿಮುದ್ರಣಗಳು ನನಗೆ ಹೆಚ್ಚು. ಟೇಪಿನ ಸುಯ್ಯೆನ್ನುವ ಶಬ್ದದ ಹಿಂದಿನಿಂದ ಆ ದಪ್ಪ ದನಿ ಎದ್ದು ಬಂದಾಗ, ಅವರು ಯಾರಿಗಾಗಿ ಅಷ್ಟು ಕಷ್ಟಪಟ್ಟರೋ ಆ ಕೊನೆಯ ಸಾಲು ಯಗಟಿಯವರೆಗೂ ಚಾಚಿಕೊಂಡಿದೆ ಅನ್ನಿಸುತ್ತದೆ.

ಎಲ್ಲ ಕಚೇರಿ ಟೇಪೂ ಅಮೃತವೆಂದು ನಾನು ವಾದಿಸುವುದಿಲ್ಲ. ಕೆಲವಂತೂ ಶುದ್ಧ ಶಿಕ್ಷೆ. ಮೈಕು ಮೃದಂಗದ ಮಡಿಲಲ್ಲಿ, ಹಾಡುವವರು ಪಕ್ಕದ ಬೀದಿಯಲ್ಲಿ. ತನಿ ಆವರ್ತನ ಕಾವೇರುವ ಹೊತ್ತಿಗೆ ಕ್ಯಾಸೆಟ್ಟಿನ ಮಗ್ಗುಲು ಮುಗಿದು, ಹೊರಳಿಸಿ ಹಾಕುವಷ್ಟರಲ್ಲಿ ಮೋಹರವೇ ಮಾಯ. ತನಿ ಎಂದರೆ ಕಾಫಿಗೆ ಏಳುವ ಹೊತ್ತು ಎಂದು ತಿಳಿದವರ ಕುರ್ಚಿಗಳ ಸದ್ದು ಬೇರೆ. ಪಾಪ, ಮೃದಂಗದವರು ತಮ್ಮ ಆಯುಷ್ಯದ ಲೆಕ್ಕಾಚಾರವನ್ನೆಲ್ಲ ಹರವಿ ಕೂತಿದ್ದಾರೆ, ಜನ ಎದ್ದು ಹೋಗುತ್ತಿದ್ದಾರೆ! ಅದನ್ನು ಕೇಳುವಾಗ ಪಂಪ್‌ಹೌಸಿನಲ್ಲಿ ಕೂತ ನಾನು ಹಟಕ್ಕೆ ಬಿದ್ದು ಕೈಯಲ್ಲಿ ತಾಳ ಹಾಕುತ್ತಾ ಕೂರುತ್ತೇನೆ. ಒಬ್ಬನಾದರೂ ಏಳದೆ ಉಳಿದ ಎಂದಾಗಲಿ.

ಇಂಥವನಿಗೆ ಜಾಝ್ ಹೇಗೆ ಹತ್ತಿತು? ಕದ್ರಿ ಗೋಪಾಲನಾಥರ ಮೂಲಕ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಗಮಕಕ್ಕೆ ಬಗ್ಗದ ಆ ಹಿತ್ತಾಳೆಯ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿ ಕರ್ನಾಟಕ ಸಂಗೀತ ನುಡಿಸಿದರು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ಒಂದೇ ವೇದಿಕೆಯಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿಗೂ ಹೋಗಿಬಂದರು. ಜಾಝಿನವರ ಕಡೆ ಜನ ಈ ವಾದ್ಯವನ್ನು ಹೇಗೆ ಕೇಳುತ್ತಾರೆ ಎನ್ನುವ ಕುತೂಹಲದಿಂದ ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಹೇಳಿದೆ. ಅವನು ಪೆನ್‌ಡ್ರೈವ್ ತುಂಬ ತಂದುಕೊಟ್ಟ. ಸ್ಟುಡಿಯೋದ್ದು ಬಹಳಷ್ಟು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು. ಸಭೆಯ ಮುಂದೆ ನುಡಿಸಿದ್ದು ಬಂದೊಡನೆ ನೆಟ್ಟಗೆ ಕೂತೆ. ಭಾಷೆ ಬಾರದ ಊರಿನಲ್ಲೂ ಜಾತ್ರೆಯ ಗದ್ದಲ ಅರ್ಥವಾಗುತ್ತದಲ್ಲ!

ಅದರಲ್ಲೊಂದು 1956ರ ಜುಲೈ 7ರ ರಾತ್ರಿಯದು. ಅಮೆರಿಕದ ನ್ಯೂಪೋರ್ಟ್ ಎಂಬ ಊರಿನ ಬಯಲಿನಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದ. ತಡರಾತ್ರಿ, ಜನ ಮನೆಯ ಕಡೆ ಮುಖ ಮಾಡುತ್ತಿದ್ದ ಹೊತ್ತು. ಹಳೆಯ ಎರಡು ರಚನೆಗಳ ನಡುವೆ ಸೇತುವೆಯಾಗಿ ಪಾಲ್ ಗೊನ್ಸಾಲ್ವೆಸ್ ಎಂಬಾತ ಸ್ಯಾಕ್ಸೊಫೋನ್ ಹಿಡಿದು ಎದ್ದ. ಬ್ಲೂಸಿನ ಒಂದು ಸುತ್ತಿಗೆ ಹನ್ನೆರಡು ಅಳತೆ. ನಮ್ಮ ಲೆಕ್ಕದಲ್ಲಿ ಒಂದು ಆವರ್ತ ಅನ್ನಿ. ಅಂಥ 27 ಸುತ್ತುಗಳನ್ನು ನಿಲ್ಲಿಸದೆ ನುಡಿಸಿಬಿಟ್ಟ. ಮೊದಲ ಕೆಲವು ಸುತ್ತಿನಲ್ಲಿ ಸಭೆ ಸುಮ್ಮನಿದೆ. ಆಮೇಲೆ ಎಲ್ಲೋ ಒಂದು ಕೂಗು, ಇನ್ನೊಂದು ಕಡೆ ಚಪ್ಪಾಳೆ. ಕಪ್ಪು ಉಡುಪಿನ ಹೆಂಗಸೊಬ್ಬಳು ಎದ್ದು ಕುಣಿಯತೊಡಗಿದಳಂತೆ. ಬೇರೆ ತಂಡದ ಹೆಸರಾಂತ ಡ್ರಮ್ಮು ವಾದಕ ಜೋ ಜೋನ್ಸ್ ವೇದಿಕೆಯ ಅಂಚಿನಲ್ಲಿದ್ದವರು ಸುರುಳಿ ಸುತ್ತಿದ ವೃತ್ತಪತ್ರಿಕೆಯಿಂದ ತಾಳ ಹೊಡೆಯತೊಡಗಿದರಂತೆ. ಇದೊಂದೂ ನಮಗೆ ಕಾಣುವುದಿಲ್ಲ. ಗದ್ದಲ ಸುತ್ತಿನಿಂದ ಸುತ್ತಿಗೆ ಏರುವುದು ಕೇಳಿಸುತ್ತದೆ, ಆ ಗದ್ದಲವೇ ನುಡಿಸುವವನನ್ನು ಮುಂದಕ್ಕೆ ನೂಕುವುದೂ ಕೇಳಿಸುತ್ತದೆ. ನೀರಿನ ಸಾಲು ತಿರುಗಿಸುವುದನ್ನು ಮರೆತು ಪಕ್ಕದವರ ತೋಟಕ್ಕೆ ನೀರು ಹರಿಸಿದ ಕೀರ್ತಿ ಗೊನ್ಸಾಲ್ವೆಸನಿಗೆ ಸಲ್ಲಬೇಕು.

ಈ ಧ್ವನಿಮುದ್ರಣದ ಹಿಂದಿನ ಕತೆ ಇನ್ನೂ ರುಚಿ. ವೇದಿಕೆಯ ಮೇಲೆ ಎರಡು ಬಗೆಯ ಮೈಕುಗಳಿದ್ದವು: ತಟ್ಟೆ ಹೊರತರಬೇಕಿದ್ದ ಕೊಲಂಬಿಯಾ ಕಂಪನಿಯದು ಒಂದು, ವಾಯ್ಸ್ ಆಫ್ ಅಮೆರಿಕ ರೇಡಿಯೊದ್ದು ಇನ್ನೊಂದು. ಗೊನ್ಸಾಲ್ವೆಸ್ ತನ್ಮಯನಾಗಿ ನುಡಿಸಿದ್ದು ರೇಡಿಯೊದ ಮೈಕಿಗೆ. ಹಾಗಾಗಿ ಕಂಪನಿಯ ತಟ್ಟೆಯಲ್ಲಿ ಅವನು ದೂರದಿಂದ ಕೇಳಿಸುತ್ತಾನೆ. ಅದರ ಮೇಲೆ, ಅಂದು ನುಡಿಸಿದ್ದ ಹೊಸ ರಚನೆಯೊಂದು ಸರಿಯಾಗಿ ಕೂತಿಲ್ಲವೆಂದು ಎಲಿಂಗ್ಟನ್ ಅದರ ಭಾಗಗಳನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದರು. ಅದಕ್ಕೆ ಚಪ್ಪಾಳೆಯನ್ನು ಬೇರೆ ಅಂಟಿಸಲಾಯಿತು. ನಾಲ್ಕು ದಶಕ ಕಳೆದ ಮೇಲೆ ರೇಡಿಯೊದವರ ಟೇಪು ಸಿಕ್ಕಿ, ಎರಡನ್ನೂ ಕೂಡಿಸಿ 1999ರಲ್ಲಿ ಆ ರಾತ್ರಿಯನ್ನು ನಡೆದ ಹಾಗೆಯೇ ಹೊರತಂದರು. ಎರಡನ್ನೂ ಕೇಳಿ ನೋಡಿ. ಅಂಟಿಸಿದ ಚಪ್ಪಾಳೆ ಎಲ್ಲ ಕಡೆ ಒಂದೇ ಸಮ ಬೀಳುತ್ತದೆ. ನಿಜವಾದ ಚಪ್ಪಾಳೆ ಹಾಗಲ್ಲ. ಯಾರೋ ಒಬ್ಬ ಅವಸರಕ್ಕೆ ಮೊದಲೇ ತಟ್ಟಿ ನಾಚಿ ನಿಲ್ಲಿಸುತ್ತಾನೆ, ಇನ್ನೊಬ್ಬ ಎಲ್ಲ ಮುಗಿದ ಮೇಲೂ ಬಿಡುವುದಿಲ್ಲ.

ಇನ್ನೊಂದು ಕಚೇರಿಯ ಕತೆಯೇ ಬೇರೆ. ಬೆನ್ನಿ ಗುಡ್‌ಮನ್ ಎಂಬವರ ಜಾಝ್ ತಂಡದವರು 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ನುಡಿಸಿದ್ದನ್ನು ಆಗಲೇ ತಟ್ಟೆಗಳಿಗೆ ಇಳಿಸಿದ್ದರೂ ಅದು ಹೊರಬಂದದ್ದು 1950ರಲ್ಲಿ. ಅಷ್ಟು ವರ್ಷ ಎಲ್ಲೋ ಕಪಾಟಿನಲ್ಲಿ ಬಿದ್ದಿತ್ತು. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗಿಟುಕು ಗಡಗಡ ಎನ್ನುವಾಗ ಇಳಿಸಿ ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತೇವೆ. ಗುಡ್‌ಮನ್ನರ ತಟ್ಟೆಗಳು ಅಟ್ಟ ಇಳಿದಿದ್ದೂ ಅಂಥ ಹದದಲ್ಲೇ. ಅದರ ಕೊನೆಯ ಕಡೆ, ಜೀನ್ ಕ್ರೂಪಾ ಅವರ ಡ್ರಮ್ಮಿನ ಅಬ್ಬರವೆಲ್ಲ ಆದಮೇಲೆ, ಜೆಸ್ ಸ್ಟೇಸಿ ಎಂಬ ಪಿಯಾನೋದವನಿಗೆ ಯಾರೂ ಮೊದಲೇ ಗೊತ್ತುಮಾಡದ ಒಂದು ಅವಕಾಶ ಸಿಗುತ್ತದೆ. ಆತ ಅಬ್ಬರವನ್ನು ಮುಂದುವರಿಸುವುದಿಲ್ಲ. ತಗ್ಗಿದ ದನಿಯಲ್ಲಿ, ತನ್ನಷ್ಟಕ್ಕೆ ಏನೋ ನೆನೆಸಿಕೊಳ್ಳುತ್ತಿರುವಂತೆ ಎರಡು ನಿಮಿಷ ನುಡಿಸುತ್ತಾನೆ. ಸಭೆ ಉಸಿರು ಬಿಗಿಹಿಡಿಯುತ್ತದೆ. ರಿಹರ್ಸಲಿನಲ್ಲಿ ಇಲ್ಲದ್ದು, ಸ್ಟುಡಿಯೋದಲ್ಲಿ ಯಾರೂ ಕೇಳದೇ ಇದ್ದದ್ದು, ಅಲ್ಲಿ ಹುಟ್ಟಿತು.

ಇವೆರಡೂ ದೊಡ್ಡ ವೃಂದಗಳು. ಹಳೆಯ ಕಾಲದ ಜಾಝ್, ನ್ಯೂ ಆರ್ಲಿಯನ್ಸಿನ ಬೀದಿಯಲ್ಲಿ ಹುಟ್ಟಿದ ಬಗೆ, ಇನ್ನೂ ನಮ್ಮದಕ್ಕೆ ಹತ್ತಿರ. ಆ ಊರಿನಲ್ಲಿ ಹೆಣ ಒಯ್ಯುವಾಗ ಬ್ಯಾಂಡಿನವರು ನಿಧಾನಕ್ಕೆ, ಅಳುವ ಧಾಟಿಯಲ್ಲಿ ನುಡಿಸುತ್ತಾ ಹೋಗಿ, ಮಣ್ಣು ಮುಗಿಸಿ ಬರುವಾಗ ಕುಣಿಯುವ ಧಾಟಿಗೆ ತಿರುಗುತ್ತಾರೆ. ತುಂಬು ಬಾಳು ಬದುಕಿದ ಅಜ್ಜನನ್ನು ಭಜನೆ, ತಮಟೆಯೊಂದಿಗೆ ಮೆರವಣಿಗೆಯಲ್ಲಿ ಕಳಿಸುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಊರಿನ ಲೂಯಿ ಆರ್ಮ್‌ಸ್ಟ್ರಾಂಗ್ 1947ರ ಮೇ 17ರಂದು ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ದೊಡ್ಡ ವೃಂದ ಬಿಟ್ಟು ಬೆರಳೆಣಿಕೆಯ ಜನರೊಡನೆ ನುಡಿಸಿದ ಕಚೇರಿ ನನ್ನ ಕಣ್ಮಣಿ. ಅದರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಟ್ರೊಂಬೋನಿನ ಜ್ಯಾಕ್ ಟೀಗಾರ್ಡನ್ ಸೇರಿ ತೂಗುಕುರ್ಚಿಯ ಮುದುಕನ ಹಾಡೊಂದನ್ನು ಹಾಡುತ್ತಾರೆ. ಒಬ್ಬರು ಕರಿಯರು, ಒಬ್ಬರು ಬಿಳಿಯರು. ಆ ಕಾಲದ ಅಮೆರಿಕದಲ್ಲಿ ಇಬ್ಬರೂ ಒಂದೇ ಹೋಟೆಲಿನಲ್ಲಿ ಇಳಿದುಕೊಳ್ಳುವುದು ಎಷ್ಟೋ ಕಡೆ ಸಾಧ್ಯವಿರಲಿಲ್ಲ. ಹಾಡಿನಲ್ಲಿ ಮಾತ್ರ ಅಪ್ಪ ಮಗ. ಒಬ್ಬರ ಸಾಲಿನ ಬಾಲ ಹಿಡಿದು ಇನ್ನೊಬ್ಬರು ಕೀಟಲೆ ಮಾಡುತ್ತಾರೆ, ಸಭೆ ನಗುತ್ತದೆ, ಆ ನಗುವಿಗೆ ಇವರು ಇನ್ನಷ್ಟು ಕಾಲೆಳೆಯುತ್ತಾರೆ. ಇಂಗ್ಲಿಷು ಅರ್ಧ ತಿಳಿಯದಿದ್ದರೂ ನಗು ಬರುತ್ತದೆ.

ಇದನ್ನು ನಮ್ಮೂರ ಕಡೆಯ ಹಾರ್ಮೋನಿಯಂ ಮೇಷ್ಟ್ರಿಗೆ ಒಮ್ಮೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. “ಇದು ನಮ್ಮ ಶಕುನಿ ದುರ್ಯೋಧನರ ಸೀನ್ ಕಣಯ್ಯ” ಅಂದರು.

ಅವರು ಹಾಗೆಂದದ್ದಕ್ಕೆ ಕಾರಣವಿದೆ. ನಮ್ಮ ಸೀಮೆಯ ಊರೂರುಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ಊರವರೇ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುತ್ತಾರೆ. ‘ಕುರುಕ್ಷೇತ್ರ’ಕ್ಕೆ ಮೊದಲ ಮಣೆ. ಗುಬ್ಬಿ ವೀರಣ್ಣನವರ ಕಂಪನಿ ಆ ನಾಟಕಕ್ಕೆ ಆನೆ ಕುದುರೆಯನ್ನೇ ರಂಗಕ್ಕೆ ತಂದಿತ್ತು; ನಮ್ಮವರು ಆನೆಯನ್ನು ಬಿಟ್ಟು ಮಿಕ್ಕಿದ್ದೆಲ್ಲ ತರುತ್ತಾರೆ. ಸೀನರಿ ಬಾಡಿಗೆಗೆ, ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆ, ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿಸಲು ಹಾರ್ಮೋನಿಯಂ ಮೇಷ್ಟ್ರು. ಪಾತ್ರಕ್ಕೆ ಇಷ್ಟೆಂದು ದುಡ್ಡು ಕಟ್ಟಬೇಕಾದವರು ಪಾತ್ರಧಾರಿಗಳೇ. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು. ಅಷ್ಟು ಕೊಟ್ಟವನು ಒಂದು ಕಂದಪದ್ಯವನ್ನು ಸುಮ್ಮನೆ ಮುಗಿಸುತ್ತಾನೆಯೆ? ಎಳೆಯುತ್ತಾನೆ. ಜನ ‘ವನ್ಸ್ ಮೋರ್’ ಎನ್ನುತ್ತಾರೆ. ಮತ್ತೆ ಎಳೆಯುತ್ತಾನೆ. ಅಷ್ಟರಲ್ಲಿ ಯಾರೋ ರಂಗವೇರಿ ಹಾರ ಹಾಕಿ ಎದೆಗೆ ನೋಟು ಸಿಕ್ಕಿಸುತ್ತಾರೆ. ಮೈಕಿನಲ್ಲಿ, ಇಂಥವರು ದುರ್ಯೋಧನನ ಪಾತ್ರಧಾರಿಗೆ ಇಷ್ಟು ಬಹುಮಾನ ನೀಡಿರುತ್ತಾರೆ ಎಂದು ಕೂಗುತ್ತಾರೆ. ಕೌರವೇಶ್ವರ ಗದೆ ಕೆಳಗಿಟ್ಟು ಕೈಮುಗಿಯುತ್ತಾನೆ. ಆಮೇಲೆ ಗದೆ ಎತ್ತಿಕೊಂಡು ಪಾಂಡವರಿಗೆ ಸೂಜಿಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲವೆಂದು ಅಬ್ಬರಿಸುತ್ತಾನೆ.

ಅಂಥ ಒಂದು ನಾಟಕದ ಕ್ಯಾಸೆಟ್ಟುಗಳು ನಮ್ಮ ಮನೆಯಲ್ಲಿವೆ, ಟೇಪ್‌ರೆಕಾರ್ಡರ್ ಹೊಸದಾಗಿ ಬಂದ ಕಾಲದವು. ಸ್ಪೀಕರಿನ ಎದುರಿಗೆ ಯಂತ್ರ ಇಟ್ಟು ಹಿಡಿದದ್ದು. ಭೀಮನ ಪ್ರತಿಜ್ಞೆಯ ನಟ್ಟನಡುವೆ ಮಗ್ಗುಲು ಮುಗಿದಿರುವುದರಿಂದ ಅವನು ದುಶ್ಶಾಸನನಿಗೆ ಏನು ಮಾಡುತ್ತೇನೆಂದು ಹೇಳಿದನೋ ಆ ಭಾಗ ಇಲ್ಲ; ಹೇಗೂ ಎಲ್ಲರಿಗೂ ಗೊತ್ತು. ಕೃಷ್ಣನ ಹಾಡಿಗೆ ನಾಯಿ ಬೊಗಳಿದೆ. ಅಭಿಮನ್ಯು ಪದ್ಯ ಮರೆತಾಗ ಪರದೆ ಮರೆಯಿಂದ ಮೇಷ್ಟ್ರ ಪಿಸುಮಾತು ಅಭಿಮನ್ಯುವಿಗಿಂತ ಸ್ಪಷ್ಟವಾಗಿದೆ. ಮುದುಕರು ಹಬ್ಬಕ್ಕೆ ಬಂದಾಗ ಅದನ್ನು ಹಾಕು ಅನ್ನುತ್ತಾರೆ.

ಅಕ್ಕನ ಮಗ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ಹೋದ. ಹೋದವನು ಮಾವನಿಗೆ ಉಪಕಾರ ಮಾಡೋಣವೆಂದು ಒಂದು ಸಾಫ್ಟ್‌ವೇರಿನಿಂದ ಸುಯ್ ಶಬ್ದ, ನಾಯಿ, ಕೆಮ್ಮು, ಶಿಳ್ಳೆ, ಬಹುಮಾನದ ಘೋಷಣೆ ಎಲ್ಲವನ್ನೂ ತೆಗೆದು ತೊಳೆದು ತಂದ. ಯುಗಾದಿಯ ಮರುದಿನ ಜಗಲಿಯಲ್ಲಿ ಹಾಕಿದೆವು. ದುರ್ಯೋಧನ ಹಾಡಿದ. ಬಲು ಸ್ವಚ್ಛ. ಖಾಲಿ ಮನೆಯಲ್ಲಿ ಯಾರಿಗೋ ಬೈಯುತ್ತಾ ಓಡಾಡುತ್ತಿರುವಂತಿತ್ತು. ಮೇಷ್ಟ್ರು ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಪಕ್ಕದ ತೋಟದ ಸಿದ್ದಪ್ಪಣ್ಣನಿಗೆ ಮಾತ್ರ ತಡೆಯಲಾಗಲಿಲ್ಲ.

“ಲೋ ಹುಡುಗಾ, ಇಲ್ಲಿ ನಮ್ಮಪ್ಪ ಹನ್ನೊಂದು ರೂಪಾಯಿ ಕೊಟ್ಟಿದ್ದ ಕಣೋ. ಎಲ್ಲೋಯ್ತು?”

“ಅದು ಪದ್ಯದ ಮಧ್ಯೆ ಅಡ್ಡ ಬರುತ್ತೆ ದೊಡ್ಡಪ್ಪ, ಅದಕ್ಕೇ ತೆಗೆದೆ.”

“ಅಡ್ಡ ಬರ್ಲಿ ಬಿಡು. ಹನ್ನೊಂದು ರೂಪಾಯಿ ಅಂದ್ರೆ ಆಗ ಸುಮ್ನೇನಾ?”

ಹಳೆಯ ಕ್ಯಾಸೆಟ್ಟನ್ನೇ ಹುಡುಕಿ ಹಾಕಿದ್ದಾಯಿತು. ನಾಯಿ ಬೊಗಳಿತು, ಶಿಳ್ಳೆ ಬಿತ್ತು, ದುರ್ಯೋಧನ ಎಳೆದ, ಪದ್ಯವನ್ನು ಅರ್ಧಕ್ಕೆ ಕಡಿದು ಮೈಕು ಸಿದ್ದಪ್ಪಣ್ಣನ ತಂದೆಯ ಹೆಸರನ್ನು, ಹನ್ನೊಂದು ರೂಪಾಯಿಯನ್ನು, ಊರಿಗೆಲ್ಲ ಕೇಳುವಂತೆ ಕೂಗಿತು. ಸಿದ್ದಪ್ಪಣ್ಣ ಟವೆಲನ್ನು ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡು, “ವನ್ಸ್ ಮೋರ್” ಅಂದರು.